ತೆರಿಗೆ ರಸೀದಿ ಹಕ್ಕುಪತ್ರವಲ್ಲ
ಮಾಲೀಕರು ತೀರಿಕೊಂಡ ಆಸ್ತಿಯನ್ನು ಕೊಳ್ಳುವವರು ಅದರ ಬಾಕಿ ತೆರಿಗೆ ಕಟ್ಟಿಬಿಟ್ಟರೆ ಅರ್ಧ ಕೆಲಸ ಮುಗಿಯಿತು ಎಂದು ಒಂದು ಲೇಖನ ಹೇಳುತ್ತದೆ. ಹಾಗಲ್ಲ. ರಸೀದಿ ನಿಮ್ಮ ಕೈಲಿದ್ದರೂ ಒಡೆತನ ವಾರಸುದಾರರದ್ದೇ. ಅವರು ಮಾರುವುದಿಲ್ಲ ಎಂದರೆ ಕಟ್ಟಿದ ಹಣಕ್ಕೆ ನೀವೇ ಅಲೆಯಬೇಕು. ಉಯಿಲು ಇದೆಯೇ, ಮಾರುವ ಅಧಿಕಾರ ಯಾರಿಗಿದೆ ಎಂಬುದು ಮೊದಲು ಖಚಿತವಾಗಲಿ. ವ್ಯವಹಾರ ಕೆಡುವುದು ಇಲ್ಲೇ: ನಾಲ್ವರು ವಾರಸುದಾರರಲ್ಲಿ ಮೂವರೇ ಸಹಿ ಹಾಕಿದರೆ ನಿಮಗೆ ಸಿಗುವುದು ಆ ಮೂವರ ಪಾಲು ಮಾತ್ರ, ಅದೂ ಯಾವ ಭಾಗ ಯಾರದೆಂದು ಇನ್ನೂ ವಿಭಾಗವಾಗದ ಪಾಲು. ಅಪ್ರಾಪ್ತರಿದ್ದರೆ ಸಾಮಾನ್ಯವಾಗಿ ಕೋರ್ಟಿನ ಅನುಮತಿಯೂ ಬೇಕು. ಬಾಕಿಯ ಲೆಕ್ಕವನ್ನು ನೋಂದಣಿ ದಿನದವರೆಗಿನ ಬಡ್ಡಿ, ದಂಡ ಸೇರಿಸಿ ಲಿಖಿತವಾಗಿ ಪಡೆದು, ಅಷ್ಟನ್ನು ಮಾರಾಟದ ಹಣದಲ್ಲಿ ಮುರಿದುಕೊಂಡು ನೇರ ತೆರಿಗೆ ಕಚೇರಿಗೇ ಕಟ್ಟಿ. ವಾರಸುದಾರರ ಕೈಗೆ ಕೊಡಬೇಡಿ. ಹರಾಜಿನ ನೋಟಿಸ್ ಆಗಲೇ ಹೊರಟಿದ್ದರೆ, ಬಾಕಿ ತೀರಿಸಲು ಎಷ್ಟು ಗಡುವು ಉಳಿದಿದೆ ಎಂಬುದನ್ನು ಮುಂಗಡ ಕೊಡುವ ಮೊದಲೇ ನೋಡಿಕೊಳ್ಳಿ.