ನಮ್ಮೂರ ಹಾಳೆ ತಟ್ಟೆ, ನಮ್ಮೂರ ಬಚ್ಚಲೊಲೆ

ಕಳೆದ ರಂಜಾನ್‌ನಲ್ಲಿ ಒಂದು ಸಂಜೆ ಇಲ್ಲಿ ಕೇರಳದ ಕಲ್ಲಿಕೋಟೆಯ ನಮ್ಮ ಬೀದಿಯ ಮಸೀದಿಗೆ ನೋಂಬು, ಅಂದರೆ ಉಪವಾಸ, ಬಿಡಲು ಹೋಗಿದ್ದೆ. ಹೆಂಗಸರ ಕಡೆ ಸಾಲಾಗಿ ಚಾಪೆ ಹಾಸಿದ್ದರು. ಸ್ಟೀಲ್ ಲೋಟ, ನೀರಿನ ಜಗ್ಗು. ತಟ್ಟೆಯಲ್ಲಿ ಮೂರು ಖರ್ಜೂರ, ಕಲ್ಲಂಗಡಿ ಹೋಳು, ಒಂದು ಸಮೋಸ. ತಟ್ಟೆ ಎತ್ತಿಕೊಂಡರೆ ಅಡಿಕೆ ಹಾಳೆಯದ್ದು. ಬೆರಳಿನಿಂದ ಅದರ ಗೆರೆ ಸವರಿದೆ, ಮೂಗಿನ ಹತ್ತಿರ ಹಿಡಿದೆ. ಪಕ್ಕದಲ್ಲಿ ಕೂತವರು ಏನಂದುಕೊಂಡರೋ. ನಾನು ಹುಟ್ಟಿದ್ದು ತೀರ್ಥಹಳ್ಳಿ ಕಡೆ, ಅಡಿಕೆ ತೋಟದ ಪಕ್ಕದ ಮನೆಯಲ್ಲಿ. ಆ ವಾಸನೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬಡಿಸುತ್ತಿದ್ದ ಹುಡುಗಿಯನ್ನು ಕೇಳಿದೆ. "ಕರ್ನಾಟಕದಿಂದ ತರಿಸ್ತಾರೆ ಅಕ್ಕ. ಪ್ಲಾಸ್ಟಿಕ್ ತಟ್ಟೆ ಇಲ್ಲಿ ಬಿಡಲ್ಲ" ಅಂದಳು.

ಬಾಂಗ್ ಆಗುವವರೆಗೂ ತಟ್ಟೆ ನೋಡುತ್ತಾ ಕೂತೆ. ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು. ಯಾಕೆಂದರೆ ಅದರ ಹಿಂದಿನ ವರ್ಷ ರಂಜಾನ್‌ಗೆ ಊರಲ್ಲಿದ್ದೆ. ಇಫ್ತಾರ್ ಅಂತ ಮನೆಗೆ ಬಂದ ಪೊಟ್ಟಣ ಬಿಚ್ಚಿದರೆ ಥರ್ಮೋಕೋಲ್ ತಟ್ಟೆ, ಪ್ಲಾಸ್ಟಿಕ್ ಕಪ್ಪಿನಲ್ಲಿ ಗಂಜಿ, ಎಲ್ಲಕ್ಕೂ ಮೇಲೊಂದು ಕವರ್. ಕರ್ನಾಟಕದಲ್ಲಿ ಇವಕ್ಕೆಲ್ಲ 2016ರಲ್ಲೇ ನಿಷೇಧ ಬಂದಿದೆ. ನಮ್ಮ ಹಿತ್ತಲಲ್ಲಿ ಉದುರಿದ ಹಾಳೆಗಳು ಸುಮ್ನೆ ಬಿದ್ದು ಗೆದ್ದಲು ಹಿಡಿಯುತ್ತಿದ್ದವು. ಹಾಳೆ ಬೆಳೆಯುವವರು ನಾವು, ಹಾಳೆಯಲ್ಲಿ ಉಣ್ಣುವವರು ಇವರು.

ತಿಂಗಳಿಡೀ ಬಂದ ಆ ಥರ್ಮೋಕೋಲ್ ಎಲ್ಲಿಗೆ ಹೋಯಿತು? ಇನ್ನೆಲ್ಲಿಗೆ, ಬಚ್ಚಲೊಲೆಗೆ.

ಮಲೆನಾಡಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಷಾಢದ ಬೆಳಿಗ್ಗೆ. ಸೌದೆ ಹಸಿ, ಸೋಗೆ ತಂಡಿ ಹಿಡಿದಿದೆ. ಉಮ್ಮ ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತು ಗೋಡೆಯ ಗೂಡಿನಿಂದ ಒಂದು ಹಾಲಿನ ಕವರ್ ಎಳೆಯುತ್ತಾಳೆ. ಬತ್ತಿ ಹೊಸೆದ ಹಾಗೆ ತಿರುಚಿ ಕಡ್ಡಿ ಗೀರುತ್ತಾಳೆ. ತುದಿಯಲ್ಲಿ ಸಣ್ಣ ನೀಲಿ ಉರಿ, ಸೌದೆ ಮೇಲೆ ಸುಯ್ ಸುಯ್ ಅಂತ ಬೀಳುವ ಬೆಂಕಿ ಹನಿ. ಅದಕ್ಕೂ ಹತ್ತದಿದ್ದರೆ ಹಳೇ ಚಪ್ಪಲಿಯ ತುಂಡು. ಆಮೇಲೆ ಊದುಗೊಳವೆ. ಹಂಡೆಯ ನೀರು ಕಾಯುವಷ್ಟರಲ್ಲಿ ಕಣ್ಣು ಕೆಂಪಾಗಿ, ಕೆಮ್ಮಿ ಕೆಮ್ಮಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದು ಬರುತ್ತಾಳೆ. ಮೊದಲ ಬಿಸಿನೀರು ಬಾಪನಿಗೆ, ಆಮೇಲೆ ತಮ್ಮಂದಿರಿಗೆ. ಉಜ್ವಲ ಯೋಜನೆಯ ಸಿಲಿಂಡರ್ ನಮ್ಮ ಓಣಿಯ ಎಷ್ಟೋ ಅಡುಗೆಮನೆಗೆ ಬಂತು. ಬಚ್ಚಲಿಗೆ ಮಾತ್ರ ಬರಲಿಲ್ಲ.

ಎರಡು ವರ್ಷದ ಕೆಳಗೆ ಉಮ್ಮನ ಕೆಮ್ಮು ಜಾಸ್ತಿಯಾಗಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಎಕ್ಸ್‌ರೇ ನೋಡಿ, "ಅಮ್ಮ, ಬೀಡಿ ಗೀಡಿ ಸೇದುವ ಅಭ್ಯಾಸ ಇತ್ತಾ?" ಅಂತ ಕೇಳಿದರು. ಉಮ್ಮನಿಗೆ ನಗು ಬಂತು. ನಗು ಹೋಗಿ ಕೆಮ್ಮಾಯಿತು. ನನಗೆ ನಗು ಬರಲಿಲ್ಲ. ಬೀಡಿ ಮುಟ್ಟದ ಹೆಂಗಸಿನ ಶ್ವಾಸಕೋಶ ಬೀಡಿ ಸೇದಿದವರ ಹಾಗೆ ಆಗಿದೆ ಅಂದರೆ, ಅವಳ ಪಾಲಿನ ಬೀಡಿ ಯಾವುದು ಅಂತ ಹುಡುಕಲು ದೂರ ಹೋಗಬೇಕಾಗಿಲ್ಲ.

ಉಮ್ಮ ಒಬ್ಬಳದ್ದೇ ಕತೆಯಲ್ಲ ಇದು. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹೇಳುತ್ತದೆ. ಒಲೆ ಹತ್ತಿರ ಇರುವವರು ಹೆಂಗಸರು ಮತ್ತು ಅವರ ಸೆರಗು ಹಿಡಿದ ಮಕ್ಕಳು, ಹಾಗಾಗಿ ಪೆಟ್ಟೂ ಅವರಿಗೇ ಜಾಸ್ತಿ. ಸೌದೆ ಹೊಗೆಯೇ ಸಾಲದು ಅಂತ ನಾವು ಪ್ಲಾಸ್ಟಿಕ್ ಬೇರೆ ಸೇರಿಸುತ್ತೇವೆ. ಹಾಲಿನ ಕವರ್ ಸುಟ್ಟರೆ ಮಸಿ, ಥರ್ಮೋಕೋಲ್ ಸುಟ್ಟರೆ ಇನ್ನೂ ಕಪ್ಪು ಮಸಿ. ಪಿವಿಸಿ ಇರುವ ಪೈಪು, ವೈರು, ಕೆಲವು ಚಪ್ಪಲಿಗಳನ್ನು ಇಂಥ ಸಣ್ಣ ಉರಿಯಲ್ಲಿ ಸುಟ್ಟರೆ ಡಯಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ಅದು ಮೈಯ ಕೊಬ್ಬಿನಲ್ಲಿ ಹೋಗಿ ಕೂರುತ್ತದೆ. ಹೊಕ್ಕಿದ್ದರಲ್ಲಿ ಅರ್ಧ ಕರಗಲು 7ರಿಂದ 11 ವರ್ಷ ಬೇಕು. ಎದೆಹಾಲಿಗೂ ಇಳಿಯುತ್ತದೆ. ನಮ್ಮಲ್ಲಿ ಬಾಣಂತಿ ಇರುವ ಮನೆಯ ಹಂಡೆ ಇಡೀ ದಿನ ಆರುವುದಿಲ್ಲ, ಅಲ್ವಾ? ನನ್ನ ಮೊದಲ ಬಾಣಂತನ ಊರಲ್ಲೇ, ಜುಲೈ ತಿಂಗಳಲ್ಲಿ. ಆಗ ಎಷ್ಟು ಕವರ್, ಎಷ್ಟು ಚಪ್ಪಲಿ ಉರಿದವು ಅಂತ ಲೆಕ್ಕ ಹಾಕಲು ನಾನು ಹೋಗುವುದಿಲ್ಲ.

ಇದಕ್ಕೂ ಮಸೀದಿಗೂ ಏನು ಸಂಬಂಧ ಅಂತ ಕೇಳಬಹುದು. ನನಗೆ ಹೊಳೆದದ್ದು ಇಲ್ಲಿಗೆ ಬಂದ ಮೇಲೆ.

ನಮ್ಮೂರ ಮಸೀದಿಗೆ ಹೆಂಗಸರು ಹೋಗುವ ರೂಢಿ ಇಲ್ಲ. ಧರ್ಮದ ಮಾತೆಲ್ಲ ನಮಗೆ ಬಾಪನ ಮೂಲಕವೇ ಬರಬೇಕು. ಹರಿಯುವ ಹೊಳೆಯ ದಡದಲ್ಲಿ ವುಝೂ ಮಾಡುವಾಗಲೂ, ಅಂದರೆ ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವಾಗಲೂ, ನೀರು ಪೋಲು ಮಾಡಬೇಡಿ ಅಂತ ಪ್ರವಾದಿಯವರು ಹೇಳಿದ್ದನ್ನು ತುಂಗೆಯ ದಡದಲ್ಲೇ ನಿಂತು ಬಾಪ ನನಗೆ ಹೇಳಿಕೊಟ್ಟಿದ್ದರು, ಆಗ ನನಗೆ ಏಳೋ ಎಂಟೋ ವರ್ಷ. ಇನ್ನೊಂದು ಮಾತೂ ಮನೆಗೆ ಬಂದಿತ್ತು. ಹಸಿ ಈರುಳ್ಳಿ, ಬೆಳ್ಳುಳ್ಳಿ ತಿಂದು ಮಸೀದಿಗೆ ಬರಬಾರದು. ಅದು ಉಮ್ಮನ ಕಿವಿಗೆ ತಲುಪುವಾಗ ಅಡುಗೆಯ ಆರ್ಡರ್ ಆಗಿತ್ತು: "ಶುಕ್ರವಾರ ಮಧ್ಯಾಹ್ನಕ್ಕೆ ಈರುಳ್ಳಿ ಕಚಂಬರಿ ಬೇಡ." ಅಷ್ಟೇ.

ಪ್ರವಾದಿಯವರ ಆ ಮಾತನ್ನು, ಅದೇ ಹದೀಸನ್ನು, ಇಲ್ಲಿ ಒಂದು ಶುಕ್ರವಾರ ನಾನೇ ಕೂತು ಕೇಳಿದೆ. ಖುತ್ಬಾ, ಅಂದರೆ ಶುಕ್ರವಾರದ ಪ್ರವಚನ, ಮಲಯಾಳಂನಲ್ಲಿ. ನಮ್ಮ ಬ್ಯಾರಿ ಮಾತು ಗೊತ್ತಿದ್ದವರಿಗೆ ಮುಕ್ಕಾಲು ಪಾಲು ಅರ್ಥವಾಗುತ್ತದೆ. ಖತೀಬರು ಹೇಳಿದ್ದು ಇಷ್ಟು. ಬಾಯಿಯ ಬೆಳ್ಳುಳ್ಳಿ ವಾಸನೆ ಪಕ್ಕದವರಿಗೆ ಕಿರಿಕಿರಿ, ಮನುಷ್ಯರಿಗೆ ಕಿರಿಕಿರಿಯಾದದ್ದು ದೇವದೂತರಾದ ಮಲಕ್‌ಗಳಿಗೂ ಕಿರಿಕಿರಿ. ಒಂದು ಹೊತ್ತಿನ ಬೆಳ್ಳುಳ್ಳಿಗೇ ಹೀಗಾದರೆ, ಹಿತ್ತಲಲ್ಲಿ ಪ್ಲಾಸ್ಟಿಕ್ ಸುಟ್ಟು ನೆರೆಮನೆಗೆ ಹೊಗೆ ಬಿಡುವವನಿಗೆ ಏನು ಹೇಳಬೇಕು? ನನ್ನ ಪಕ್ಕ ಕೂತಿದ್ದ ಅಜ್ಜಿ ಮೆಲ್ಲಗೆ "ಸುಡುವವನು ಎಲ್ಲಿ? ಸುಡುವವಳು ನಾನೇ" ಅಂದಳು. ಸುತ್ತ ಇದ್ದ ನಾಲ್ಕೈದು ಜನ ಬಾಯಿಗೆ ಕೈ ಹಿಡಿದು ನಕ್ಕರು. ಖುತ್ಬಾ ನಡೆಯುವಾಗ ಮಾತಾಡಬಾರದು, ಗೊತ್ತು. ಆದರೂ ಅಜ್ಜಿ ಹೇಳಿದ್ದು ಸರಿಯಾಗಿತ್ತು.

ನಮ್ಮೂರಲ್ಲಿ ಈ ಮಾತು ಹೇಳಲ್ಲ ಅಂತ ನಾನು ಅನ್ನುತ್ತಿಲ್ಲ. ಹೇಳಬಹುದು. ಕೇಳುವವರು ಯಾರು? ಬೆಳಿಗ್ಗೆ ಬಿಸಿನೀರು ಮಿಂದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ ಗಂಡಸರು. ಒಲೆ ಊದುವವಳು ಮನೆಯಲ್ಲಿ. ನನ್ನ ತಕರಾರು ಇದೇ.

ಇಲ್ಲಿ ಮಾತಿನ ಜೊತೆ ವ್ಯವಸ್ಥೆಯೂ ಇದೆ, ಅದನ್ನೂ ಹೇಳಬೇಕು. ಮದುವೆಗೂ ಉತ್ಸವಕ್ಕೂ ಇಫ್ತಾರ್‌ಗೂ ಒಂದೇ 'ಗ್ರೀನ್ ಪ್ರೋಟೋಕಾಲ್', ಅಂದರೆ ಎಸೆಯುವ ಪ್ಲಾಸ್ಟಿಕ್ ಬಳಸಬಾರದು. ತಿಂಗಳಿಗೊಮ್ಮೆ ಹರಿತ ಕರ್ಮ ಸೇನೆಯ ಹೆಂಗಸರು ಹಸಿರು ಕೋಟು ಹಾಕಿಕೊಂಡು ಗೇಟಿಗೆ ಬರುತ್ತಾರೆ. ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್‌ಗೆ ಮೊಬೈಲ್ ಹಿಡಿದು, ತಿಂಗಳ ದುಡ್ಡು ತೆಗೆದುಕೊಂಡು, ಪ್ಲಾಸ್ಟಿಕ್ ಚೀಲ ಹೊತ್ತುಕೊಂಡು ಹೋಗುತ್ತಾರೆ. ಕವರ್ ತೊಳೆದು ಒಣಗಿಸಿ ಇಟ್ಟಿರಬೇಕು. ಇಲ್ಲದಿದ್ದರೆ ಬೈಗುಳ ಗ್ಯಾರಂಟಿ. ಮೊದಲ ತಿಂಗಳು ನನಗೂ ಸಿಕ್ಕಿತು. ಈಗ ನಮ್ಮ ಬಾಲ್ಕನಿಯ ಹಗ್ಗದ ಮೇಲೆ ಮಕ್ಕಳ ಸಾಕ್ಸ್ ಪಕ್ಕ ಹಾಲಿನ ಕವರ್ ಒಣಗುತ್ತವೆ. ವೀಡಿಯೋ ಕಾಲ್‌ನಲ್ಲಿ ಅದನ್ನು ನೋಡಿ ಉಮ್ಮ ಬಿದ್ದು ಬಿದ್ದು ನಕ್ಕಿದ್ದಳು.

ಹೀಗೆ ಹೊಗಳಿ ಹೊಗಳಿ ಊರಿನವರ ಹತ್ತಿರ ಜಗಳ ಮಾಡಿಕೊಂಡದ್ದೂ ಆಗಿದೆ. ತಮ್ಮ ಸುಮ್ಮನೆ ಬಿಡುವವನಲ್ಲ. "ನಿನ್ನ ಕೇರಳದ ಕಸ ತುಂಬಿದ ಲಾರಿ ಕೊಡಗಿನಲ್ಲಿ, ಗುಂಡ್ಲುಪೇಟೆಯಲ್ಲಿ ಸಿಕ್ಕಿಬಿದ್ದದ್ದು ಪೇಪರ್‌ನಲ್ಲಿ ಓದಿಲ್ವಾ ಅಕ್ಕ?" ಅಂದ. ಓದಿದ್ದೇನೆ. ಕೊಚ್ಚಿಯ ಬ್ರಹ್ಮಪುರಂ ಕಸದ ರಾಶಿಗೆ 2023ರ ಮಾರ್ಚ್ 2ಕ್ಕೆ ಹತ್ತಿದ ಬೆಂಕಿ ಆರಲು ಹತ್ತು ದಿನಕ್ಕಿಂತ ಜಾಸ್ತಿ ಹಿಡಿಯಿತು. ಇಡೀ ನಗರ ಒಂದು ದೊಡ್ಡ ಬಚ್ಚಲೊಲೆಯ ಹಾಗೆ ಹೊಗೆಯಾಡಿತು. ಊರಿನ ಕಸ ಬೇರ್ಪಡಿಸುವ ಆ ಹಸಿರು ಕೋಟಿನವರೂ ಹೆಂಗಸರೇ, ಇನ್ನೊಬ್ಬರ ಮನೆಯ ಕೊಳೆತದ್ದಕ್ಕೆ ಕೈ ಹಾಕುವವರು. ಹೆಂಗಸರಿಗೆ ಬಾಗಿಲು ತೆರೆಯದ ಮಸೀದಿಗಳು ಇಲ್ಲಿಯೂ ಬೇಕಾದಷ್ಟಿವೆ, ನಮ್ಮ ಬೀದಿಯದ್ದು ತೆರೆದದ್ದು ನನ್ನ ಅದೃಷ್ಟ. ಇದನ್ನೆಲ್ಲ ತಮ್ಮನ ಎದುರು ನಾನು ಒಪ್ಪಿಕೊಳ್ಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಅವನು ಓದಲಿ.

ಇನ್ನೊಂದು ಗುಟ್ಟೂ ಇದೆ. ಇಲ್ಲಿ ಗೀಸರ್ ನೀರಿಗೆ ವಾಸನೆಯೇ ಇಲ್ಲ. ಊರಿಗೆ ಹೋದ ಮೊದಲ ದಿನ ಹಂಡೆಯ ನೀರು ತಲೆಗೆ ಸುರಿದುಕೊಂಡಾಗ ಬರುತ್ತದಲ್ಲ ಹೊಗೆಯ ವಾಸನೆ, ಕೂದಲಿಗೆ ಅಂಟಿ ಬಸ್ಸಿನಲ್ಲಿ ವಾಪಸ್ ಬರುವವರೆಗೂ ಉಳಿಯುವುದು, ಅದಕ್ಕೆ ನಾನೂ ಕಾಯುತ್ತೇನೆ. ಉಮ್ಮ ಕೆಮ್ಮುತ್ತಾ ಕಾಯಿಸಿದ ನೀರು ಅದು. ಗೊತ್ತಿದ್ದೂ ಎರಡು ಚೊಂಬು ಜಾಸ್ತಿಯೇ ಮೀಯುತ್ತೇನೆ.

ಈಗ ನಮ್ಮೂರ ಪಂಚಾಯ್ತಿಗೂ ಕಸ ಒಯ್ಯುವ ಗಾಡಿ, ಸ್ವಚ್ಛ ವಾಹಿನಿ, ಬರುತ್ತಿದೆ. ಓಡಿಸುವವಳು ನಮ್ಮ ಕೆಳಗಿನ ಓಣಿಯ ಹುಡುಗಿಯಂತೆ. ಉಮ್ಮನಿಗೆ ಅದು ಬಲು ಸಂಭ್ರಮ. ಮೊನ್ನೆ ಫೋನ್ ಮಾಡಿದ್ದೆ.

"ಗಾಡಿ ಬಂದಿತ್ತಾ ಉಮ್ಮ? ಕವರ್ ಕೊಟ್ಟೆಯಾ?"

"ಕೊಟ್ಟೆ ಮಗಳೇ, ನೀನು ಹೇಳಿದ ಹಾಗೆ ತೊಳೆದೇ ಕೊಟ್ಟೆ."

"ಎಲ್ಲಾ ಕೊಟ್ಟೆಯಾ?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

"ಮಳೆಗಾಲಕ್ಕೆ ಅಂತ ಒಂದು ಹತ್ತು ಇಟ್ಟುಕೊಂಡಿದ್ದೇನೆ."