ಉಪ್ಪಿನಕಾಯಿ ಜಾಡಿಯ ತೀರ್ಪು

ನಮ್ಮ ಮನೆಯಲ್ಲಿ ಅಡುಗೆ ಚೆನ್ನಾಗಿಲ್ಲ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆ ಕೆಲಸವನ್ನು ಉಪ್ಪಿನಕಾಯಿ ಜಾಡಿ ಮಾಡುತ್ತದೆ. ಊಟದ ಮೇಜಿನ ಮೂಲೆಯಲ್ಲಿ ತನ್ನ ಪಾಡಿಗೆ ಕೂತಿರುವ ಅದು, ಅಡುಗೆ ಹದವಾಗಿದ್ದ ದಿನ ಅಲ್ಲಾಡುವುದೇ ಇಲ್ಲ. ಸ್ವಲ್ಪ ಸಪ್ಪೆಯಾದರೆ ಮಾವನವರ ತಟ್ಟೆಯವರೆಗೆ ಬರುತ್ತದೆ. ಮಾವ, ಅತ್ತೆ, ನಮ್ಮವರು, ಮಗ ಅಂತ ಪೂರ್ತಿ ಒಂದು ಸುತ್ತು ಹೊಡೆದು ವಾಪಸ್ ಬಂತು ಅಂದರೆ ಅವತ್ತಿನ ಪ್ರಯೋಗದ ಕಥೆ ಮುಗೀತು. ಅದರ ಹಿಂದೆಯೇ ಚಟ್ನಿಪುಡಿ ಡಬ್ಬಿಯ ಮುಚ್ಚಳ ಟಕ್ ಅಂದರೆ, ಆ ಪದಾರ್ಥವನ್ನು ಮತ್ತೆ ಮಾಡುವ ಯೋಚನೆ ಬಿಡುವುದೇ ವಾಸಿ.

ಈ ಪ್ರಯೋಗಗಳೆಲ್ಲ ಶುರುವಾಗುವುದು ಲ್ಯಾಬಿನಿಂದ ಬರುವ ಒಂದು ಕಾಗದದಿಂದ. ಎಲ್ಲರ ಮನೆಯಲ್ಲೂ ಅಷ್ಟೇ ಅಲ್ವಾ? ನಲವತ್ತು ದಾಟಿದ ಯಾರೋ ಒಬ್ಬರು ರಕ್ತ ಪರೀಕ್ಷೆ ಮಾಡಿಸಿಕೊಂಡು ಬರುತ್ತಾರೆ, ಸಕ್ಕರೆಯದ್ದೋ ಕೊಲೆಸ್ಟರಾಲಿನದ್ದೋ ಅಂಕಿ ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತದೆ, ಅವತ್ತು ಸಂಜೆಯಿಂದಲೇ ಅಡುಗೆಮನೆಯಲ್ಲಿ ಹೊಸ ಕಾನೂನು ಜಾರಿಯಾಗುತ್ತದೆ. ಮೊದಲು ಸಕ್ಕರೆ ಡಬ್ಬಿ ಕೈಗೆಟುಕದ ಶೆಲ್ಫಿಗೆ ಹೋಗುತ್ತದೆ. ಆಮೇಲೆ ಕೊಲೆಸ್ಟರಾಲ್ ಇಲ್ಲ ಅಂತ ದೊಡ್ಡದಾಗಿ ಬರೆದಿರುವ ಎಣ್ಣೆ ಬರುತ್ತದೆ. ಕೊಲೆಸ್ಟರಾಲ್ ಇರುವುದು ಹಾಲು, ಮೊಟ್ಟೆ, ಮಾಂಸದಂಥ ಪ್ರಾಣಿಮೂಲದ ಪದಾರ್ಥಗಳಲ್ಲಿ. ಕಡಲೆಕಾಯಿ ಎಣ್ಣೆಯಲ್ಲಾಗಲಿ ಸೂರ್ಯಕಾಂತಿ ಎಣ್ಣೆಯಲ್ಲಾಗಲಿ ಅದು ಮೊದಲಿಂದಲೂ ಇಲ್ಲ ಅನ್ನುವಷ್ಟು ಕಮ್ಮಿ. ಇಲ್ಲದ್ದನ್ನು ಇಲ್ಲ ಅಂತ ಬರೆದು ಮಾರುವುದೂ ಒಂದು ಕಲೆಯೇ ಬಿಡಿ.

ನಾವಿರುವುದು ಮೈಸೂರಿನಲ್ಲಿ. ಊಟದ ಮೇಲೆ ಪ್ರಯೋಗ ಮಾಡುವುದಕ್ಕೆಂದೇ ಎರಡು ದೊಡ್ಡ ಸಂಸ್ಥೆಗಳಿರುವ ಊರು ಇದು. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐನವರು ಎಮ್ಮೆ ಹಾಲಿನಿಂದ ಕೂಸುಗಳಿಗೆ ಹಾಲಿನ ಪುಡಿ ಮಾಡುವ ದಾರಿ ಕಂಡುಹಿಡಿದರು. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೊರಟಾಗ ಊಟ ಕಟ್ಟಿಕೊಟ್ಟಿದ್ದು ರಕ್ಷಣಾ ಆಹಾರ ಸಂಶೋಧನಾಲಯ, ಅಂದರೆ ಡಿಎಫ್‌ಆರ್‌ಎಲ್‌ನವರು. ಇಂಥ ಊರಿನಲ್ಲಿದ್ದುಕೊಂಡು ನಾನೊಬ್ಬಳು ಸುಮ್ನೆ ಕೂರುವುದು ಹೇಗೆ? ಆದರೆ ಅವರಿಗಿದ್ದ ಒಂದು ಅನುಕೂಲ ನನಗಿಲ್ಲ. ರಾಕೇಶ್ ಶರ್ಮಾ ಹೋಲಿಸಿ ನೋಡುವುದಕ್ಕೆ ಅಲ್ಲಿ ಪಕ್ಕದಲ್ಲಿ ಇನ್ನೊಂದು ಹೋಟೆಲ್ ಇರಲಿಲ್ಲ.

ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷ ಅಂತ ಘೋಷಿಸಿದ್ದೇ ಸರಿ, ನಮ್ಮ ಬೀದಿಯ ಕೊನೆಯ ಕಿರಾಣಿ ಅಂಗಡಿಯಲ್ಲೂ ನವಣೆ, ಸಾಮೆ, ಊದಲು, ಹಾರಕ, ಕೊರಲೆ ಎಲ್ಲ ಅರ್ಧ ಕೇಜಿ ಪ್ಯಾಕೆಟ್ಟಿನಲ್ಲಿ ಸಾಲಾಗಿ ಬಂದು ಕೂತವು. ನಮ್ಮ ಮನೆಯಲ್ಲೂ ನವಣೆ ಬಿಸಿಬೇಳೆಬಾತ್ ಆಯಿತು. ನವಣೆ ಕಾಳು ಸಣ್ಣದು, ಆದರೆ ಹಟ ಜಾಸ್ತಿ. ಮೊದಲೇ ಒಂದೆರಡು ಗಂಟೆ ನೆನೆಸಬೇಕು. ಬರೀ ಅನ್ನಕ್ಕಾದರೆ ಒಂದು ಲೋಟಕ್ಕೆ ಎರಡರಿಂದ ಎರಡೂವರೆ ಲೋಟ ನೀರು ಸಾಕು, ಬಿಸಿಬೇಳೆಬಾತಿಗೆ ಅದಕ್ಕಿಂತ ಎಷ್ಟೋ ಬೇಕು. ಒಲೆಯಿಂದ ಇಳಿಸಿದಾಗ ನೋಡಬೇಕು ಅದರ ಚೆಂದ! ಮೇಲೆ ತುಪ್ಪ ಮಿನುಗುತ್ತಿರುತ್ತದೆ, ಒಗ್ಗರಣೆಯ ಗೋಡಂಬಿ ಕೆಂಪಗಿರುತ್ತದೆ, ಸೌಟಿನಿಂದ ಸರಾಗವಾಗಿ ಜಾರಿ ಬೀಳುವಷ್ಟು ಹದ. ಕಷ್ಟ ಏನಪ್ಪಾ ಅಂದರೆ ಒಲೆ ಆರಿಸಿದ ಮೇಲೂ ಅದು ನೀರು ಕುಡಿಯುವುದನ್ನು ನಿಲ್ಲಿಸುವುದಿಲ್ಲ. ಮಾವನವರು ಸ್ನಾನ ಮುಗಿಸಿ, ದೇವರ ಮುಂದೆ ಕೂತು, ಪೇಪರಿನ ಮೊದಲ ಪುಟ ನೋಡಿ ಮೇಜಿಗೆ ಬರುವಷ್ಟರಲ್ಲಿ ಸೌಟು ಪಾತ್ರೆಯಲ್ಲಿ ನೆಟ್ಟಗೆ ನಿಂತಿತ್ತು. ಮಿಕ್ಕದ್ದನ್ನು ಫ್ರಿಜ್ಜಿನಲ್ಲಿಟ್ಟು ಮಾರನೆಯ ದಿನ ತೆಗೆದರೆ ಅಪ್ಪಟ ಇಟ್ಟಿಗೆ. ಬೇಯುವಾಗ ಅರಳಿದ ಪಿಷ್ಟ ಆರುತ್ತಾ ಆರುತ್ತಾ ಮತ್ತೆ ಬಿಗಿದುಕೊಳ್ಳುತ್ತದೆ. ಅಕ್ಕಿಯೂ ಹೀಗೇ ಮಾಡುತ್ತದೆ, ಅದರ ತಣ್ಣಗಿನ ರೂಪ ನಮಗೆ ಅಭ್ಯಾಸವಾಗಿಬಿಟ್ಟಿದೆ ಅಷ್ಟೇ.

ಜಾಡಿ ಸುತ್ತು ಹೊಡೆಯಿತು. ಆದರೆ ಅವತ್ತು ಅತ್ತೆ ಬಾಯಿ ತೆರೆದರು. "ಚೆನ್ನಾಗೇ ಇದೆ ಕಣಮ್ಮ. ಇದಕ್ಕೆ ಬಿಸಿಬೇಳೆಬಾತ್ ಅಂತ ಮಾತ್ರ ಅನ್ಬೇಡ. ಬೇರೆ ಏನಾದ್ರೂ ಅನ್ನು, ಇನ್ನೊಂದು ಸೌಟು ಹಾಕಿಸ್ಕೋತೀನಿ."

ಆರೋಗ್ಯದ ಅಡುಗೆ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಬಿಸಿಬೇಳೆಬಾತ್ ಅಂದ ತಕ್ಷಣ ನಾಲಿಗೆಗೆ ಹಳೆಯದೆಲ್ಲ ನೆನಪಾಗುತ್ತದೆ. ಮದುವೆ ಮನೆಯದ್ದು, ಹೋಟೆಲಿನದ್ದು, ಅತ್ತೆಯ ಅಮ್ಮ ಇದ್ದಿಲ ಒಲೆಯ ಮೇಲೆ ಮಾಡುತ್ತಿದ್ದದ್ದು. ಅಷ್ಟೊಂದು ಬಿಸಿಬೇಳೆಬಾತುಗಳ ಎದುರಿಗೆ ಪಾಪದ ನವಣೆ ಒಬ್ಬಂಟಿ. ಅದೇ ನವಣೆಯನ್ನು ಬರೀ ಅನ್ನ ಮಾಡಿ, ಬಿಸಿಯಾಗಿರುವಾಗಲೇ ಬೂದುಗುಂಬಳದ ಮಜ್ಜಿಗೆಹುಳಿ ಹುಯ್ದು ಕೊಟ್ಟರೆ ಯಾರೂ ತಕರಾರು ಮಾಡುವುದಿಲ್ಲ. ಅದು ಯಾರ ಜಾಗಕ್ಕೂ ಬಂದು ಕೂತಿಲ್ಲವಲ್ಲ! ಅಲ್ಲಿಂದ ಮುಂದೆ ನಾನು ಗಮನಿಸುತ್ತಾ ಬಂದೆ. ಅಕ್ಕಿಯ ಬದಲು ಇದು, ಮೈದಾ ಬದಲು ಅದು, ಕಾಯಿಯ ಬದಲು ಓಟ್ಸು ಅಂತ ಬದಲಿಗೆ ಬಂದವೆಲ್ಲ ಒಂದೊಂದಾಗಿ ಮನೆ ಬಿಟ್ಟವು. ಹೂಕೋಸನ್ನು ತುರಿದು ಅದನ್ನು ಅನ್ನ ಅಂತ ಕರೆಯುವ ಪ್ರಯೋಗದ ಬಗ್ಗೆ ನಾನು ಏನೂ ಹೇಳುವುದಿಲ್ಲ, ಮಗ ಇವತ್ತಿಗೂ ಹೂಕೋಸು ಕಂಡರೆ ಅನುಮಾನದಿಂದ ನೋಡುತ್ತಾನೆ.

ಬದಲಿಗಳ ರಾಜ ಅಂದರೆ ಏರ್ ಫ್ರೈಯರ್. ನಮ್ಮವರು ಇದನ್ನು ಎಣ್ಣೆಯಿಲ್ಲದೆ ಕರಿಯುವ ಯಂತ್ರ ಅಂತ ತಂದರು. ಒಳಗೆ ಇರುವುದು ಒಂದು ಬಿಸಿ ಕಾಯಿಲು, ಅದರ ಮೇಲೊಂದು ಫ್ಯಾನು. ಗಾಳಿ ಕಾದು ಸುತ್ತುತ್ತದೆ, ಅಷ್ಟೇ ವಿಷಯ. ಕರಿಯುವುದು ಅಂದರೆ ಬೇರೆಯೇ ಲೆಕ್ಕ. ಕಾದ ಎಣ್ಣೆ ತೆಳ್ಳನೆ ಹಿಟ್ಟನ್ನು ನಾಲ್ಕೂ ಕಡೆಯಿಂದ ಒಂದೇ ಸಲ ಹಿಡಿದು ಗಟ್ಟಿ ಮಾಡುತ್ತದೆ. ಗಾಳಿಗೆ ಆ ಶಕ್ತಿ ಎಲ್ಲಿ ಬರಬೇಕು? ಬಾಳೆಕಾಯಿ ಬಜ್ಜಿ ಇಟ್ಟರೆ ಕಡಲೆಹಿಟ್ಟು ಜಾಲರಿಯ ತೂತುಗಳಿಂದ ಕೆಳಗಿಳಿದು ತಳದಲ್ಲಿ ದೋಸೆಯಾಗುತ್ತದೆ, ಬಾಳೆಕಾಯಿ ಬರಿಮೈಯಲ್ಲಿ ಮೇಲೆ ಉಳಿಯುತ್ತದೆ. ಹಪ್ಪಳ ಇಟ್ಟರೆ ಗಾಳಿಗೆ ಎದ್ದು ಹಾರಿ ಕಾಯಿಲಿಗೇ ಹೋಗಿ ತಾಗುತ್ತದೆ. ಯಂತ್ರದ ತಪ್ಪಿಲ್ಲ, ಅದಕ್ಕೆ ಬರುವ ಕೆಲಸವನ್ನು ಕೊಟ್ಟರೆ ಚೆನ್ನಾಗಿಯೇ ಮಾಡುತ್ತದೆ. ಗೆಣಸು, ಕಡಲೆಕಾಯಿ ಬೀಜ, ಗೊಜ್ಜಿಗೆ ಸುಡುವ ಬದನೆಕಾಯಿ ಎಲ್ಲಕ್ಕೂ ನಾವು ಈಗ ಅದನ್ನೇ ಹಚ್ಚುತ್ತೇವೆ. ಬಜ್ಜಿ ಬೇಕು ಅಂದಾಗ ಬಾಣಲೆ ಇಡುತ್ತೇವೆ. ಮೊದಲಿಗಿಂತ ಕಮ್ಮಿ ಸಲ ಇಡುತ್ತೇವೆ ಅನ್ನುವುದೂ ನಿಜ.

ಅತ್ತೆ ಹಾಸನದ ಕಡೆಯವರು. ನನ್ನ ಹೆಲ್ದಿ ಅಡುಗೆಯ ಬಗ್ಗೆ ಅವರಿಗಿರುವ ಗೌರವ ಅಷ್ಟಕ್ಕಷ್ಟೆ. ಅವರ ಬಸ್ಸಾರನ್ನು ಹತ್ತಿರದಿಂದ ನೋಡಿದ ಮೇಲೆ ನನಗೂ ಅದು ನ್ಯಾಯ ಅನ್ನಿಸಿತು. ದೇವರಾಜ ಮಾರ್ಕೆಟ್ಟಿನಿಂದ ತಂದ ದಂಟಿನ ಸೊಪ್ಪು, ಕೀರೆ, ಒಂದು ಹಿಡಿ ಸಬ್ಬಸಿಗೆ ಬಿಡಿಸಿ, ತೊಗರಿಬೇಳೆಯನ್ನೋ ಅಲಸಂದೆ ಕಾಳನ್ನೋ ಮುಕ್ಕಾಲು ಬೇಯಿಸಿ ಸೊಪ್ಪನ್ನು ಅದಕ್ಕೇ ಹಾಕುತ್ತಾರೆ. ಬೆಂದ ಮೇಲೆ ತಟ್ಟೆ ಮುಚ್ಚಿ, ಪಾತ್ರೆ ಬಗ್ಗಿಸಿ, ಕಟ್ಟನ್ನು ಕೊನೆಯ ತೊಟ್ಟಿನವರೆಗೂ ಬಸಿಯುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಒಣಮೆಣಸಿನಕಾಯಿ ಹುರಿದು ಕಾಯಿ, ಹುಣಸೆಹಣ್ಣಿನ ಜೊತೆ ರುಬ್ಬುವಾಗ ಬೆಂದ ಸೊಪ್ಪಿನದ್ದೇ ಒಂದು ಹಿಡಿಯನ್ನು ಸೇರಿಸಿಬಿಡುತ್ತಾರೆ, ಸಾರಿಗೆ ಮೈ ಬರಲಿ ಅಂತ. ಕಟ್ಟು ಸಾರಾಗುತ್ತದೆ. ಸೊಪ್ಪು, ಕಾಳು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಇಡೀ ಅಡುಗೆಗೆ ಎಣ್ಣೆ ಎರಡು ಚಮಚ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಬಾರದು, ನೀರಿನಲ್ಲಿ ಕರಗುವ ವಿಟಮಿನ್ನುಗಳೆಲ್ಲ ಅದರ ಜೊತೆ ಹೋಗಿಬಿಡುತ್ತವೆ ಅಂತ ಪೌಷ್ಟಿಕತಜ್ಞರು ಹೇಳುತ್ತಿರುತ್ತಾರಲ್ಲ, ಅದನ್ನು ನಾನು ಅತ್ತೆಗೆ ಹೇಳಿದೆ. ಅವರು ನಿಜವಾಗಿಯೂ ಗಾಬರಿಯಾದರು. "ಚೆಲ್ಲೋದಾ? ಚೆಲ್ಲಿದ್ರೆ ಸಾರು ಎಲ್ಲಿಂದ ಬರುತ್ತೆ?"

ಬಸ್ಸಾರಿನ ಜೊತೆಗೆ ಮುದ್ದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಹಾಲಿಗಿಂತ ಎರಡು ಪಟ್ಟಿಗೂ ಹೆಚ್ಚು. ಮಾವನವರಿಗೆ ಈ ಲೆಕ್ಕ ಬೇಕಿಲ್ಲ, ಮುದ್ದೆ ಗಂಟಿಲ್ಲದೆ ನುಣ್ಣಗಿದ್ದರೆ ಸಾಕು. ರಾಗಿಯ ಮೇಲೆ ನಿಜವಾದ ಪ್ರಯೋಗ ಮಾಡಿದವರು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮಿನ ಲಕ್ಷ್ಮಣಯ್ಯನವರು. ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿ ಇಂಡಾಫ್ ಅನ್ನುವ ತಳಿಗಳನ್ನು ಕೊಟ್ಟರು, ಊರ ತುಂಬ ಕಣಜ ತುಂಬಿತು. ತಿನ್ನುವವರಿಗೆ ತಟ್ಟೆಯಲ್ಲಿ ಏನೂ ಬದಲಾದಂತೆ ಗೊತ್ತಾಗಲಿಲ್ಲ. ಪ್ರಯೋಗ ಅಂದರೆ ಹಾಗಿರಬೇಕು.

ನನ್ನ ತವರು ಧಾರವಾಡ. ಇತ್ತೀಚೆಗೆ ನಮ್ಮವರು ಆಫೀಸಿನಲ್ಲಿ ಯಾರೋ ಹೇಳಿದರು ಅಂತ ಫ್ಲ್ಯಾಕ್ಸ್ ಸೀಡ್ಸ್ ತಂದರು. ಅಂದವಾದ ಪೊಟ್ಟಣ, ಹಿಂದೆ ಒಮೆಗಾ-3 ಬಗ್ಗೆ ಉದ್ದದ ಬರಹ. ಬೆಳಿಗ್ಗೆ ಒಂದು ಚಮಚ ಹಾಗೇ ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಿದ್ದರು. ಇಡಿಯಾಗಿ ನುಂಗಿದರೆ ಆ ಬೀಜದ ಗಟ್ಟಿ ಸಿಪ್ಪೆ ಅರಗದೆ, ಬಂದ ದಾರಿಗೆ ಸುಂಕವಿಲ್ಲ ಅಂತ ಹೊರಟುಹೋಗುತ್ತದೆ. ಪುಡಿ ಮಾಡಿದರೆ ಮಾತ್ರ ಮೈಗೆ ಹತ್ತುವುದು. ಫೋನಿನಲ್ಲಿ ಅವ್ವನಿಗೆ ಹೇಳಿದರೆ, "ಅಯ್ಯ, ಅಗಸಿ ಅಲ್ಲೇನ ಅದು? ಅದಕ್ಕ ಇಷ್ಟು ರೊಕ್ಕ ಕೊಟ್ರೇನ? ಇಲ್ಲೆ ಡಬ್ಬಿ ತುಂಬ ಹಿಂಡಿ ಕುಟ್ಟಿಟ್ಟೇನಿ, ಬಸ್ಸಿನ್ಯಾಗ ಕಳಸ್ತೀನಿ ತಗೋ" ಅಂದಳು. ಹುರಿದ ಅಗಸಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಉಪ್ಪು, ಒಂಚೂರು ಬೆಲ್ಲ ಹಾಕಿ ಕುಟ್ಟಿದ ಪುಡಿ. ನಮ್ಮ ಕಡೆ ಜೋಳದ ರೊಟ್ಟಿಗೆ ಮೊಸರಿನ ಜೊತೆ ಕಲಸಿಕೊಂಡು ತಿನ್ನುವುದು. ಮಾವನವರು ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕಲಸಿಕೊಳ್ಳುತ್ತಾರೆ. ಅವ್ವ ನೋಡಿದರೆ ನಗುತ್ತಾಳೆ, ಇರಲಿ, ಒಳಗೆ ಹೋಗುತ್ತಿರುವುದು ಅಗಸಿಯೇ ತಾನೆ. ಪೊಟ್ಟಣ ಹಾಗೇ ಶೆಲ್ಫಿನಲ್ಲಿದೆ.

ಎಲ್ಲಕ್ಕಿಂತ ತಲೆನೋವು ಕೊಟ್ಟದ್ದು ಉಪ್ಪು. ಉಪ್ಪಿಗಿಂತ ರುಚಿಯಿಲ್ಲ ಅಂತ ಗಾದೆ ಮಾಡಿದ ಜನ ನಾವು. ದಿನಕ್ಕೆ 5 ಗ್ರಾಂ ಒಳಗಿರಲಿ, ಅಂದರೆ ಒಂದು ಟೀ ಚಮಚ ದಾಟದಿರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಾವನವರ ಬಿಪಿಯ ಸಲುವಾಗಿ ಸಾರಿಗೆ ಉಪ್ಪು ತಗ್ಗಿಸಿದೆ. ಅವತ್ತು ಜಾಡಿ ಎರಡು ಸುತ್ತು ಹೊಡೆಯಿತು. ಜೊತೆಗೆ ಸಂಡಿಗೆ, ಉಪ್ಪುಮೆಣಸಿನಕಾಯಿ ಬೇರೆ. ಸಾರಿನಲ್ಲಿ ಉಳಿಸಿದ ಉಪ್ಪು ಬಡ್ಡಿಸಮೇತ ಹೊಟ್ಟೆ ಸೇರಿತು. ಈಗ ಬೇರೆ ಉಪಾಯ. ಪಲ್ಯಕ್ಕೆ ಒಲೆಯಿಂದ ಇಳಿಸಿದ ಮೇಲೆ, ಕೋಸಂಬರಿಗೆ ಬಡಿಸುವ ಮುಂಚೆ ನಿಂಬೆಹಣ್ಣು ಹಿಂಡುವುದು. ಹುಳಿ ಮುಂದೆ ಬಂದರೆ ಉಪ್ಪು ಕಮ್ಮಿಯಾದದ್ದು ಅಷ್ಟಾಗಿ ಗೊತ್ತಾಗುವುದಿಲ್ಲ, ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣ ಮೈಗೆ ಹತ್ತುವುದಕ್ಕೂ ನಿಂಬೆಯ ವಿಟಮಿನ್ ಸಿ ನೆರವಾಗುತ್ತದೆ. ಉಪ್ಪನ್ನೂ ಒಂದೇ ದಿನ ಅರ್ಧಕ್ಕೆ ಇಳಿಸದೆ, ಯಾರಿಗೂ ಹೇಳದೆ, ಚಿಟಿಕೆ ಚಿಟಿಕೆಯಾಗಿ ಇಳಿಸುತ್ತಾ ಬಂದಿದ್ದೇನೆ. ಇದನ್ನು ಓದಿದವರು ದಯವಿಟ್ಟು ನಮ್ಮ ಮನೆಯಲ್ಲಿ ಬಾಯಿಬಿಡಬೇಡಿ.

ಸಿಹಿಯ ವಿಷಯದಲ್ಲಿ ಎಲ್ಲರೂ ತಮಗೆ ತಾವೇ ಡಾಕ್ಟರು. ಬೆಲ್ಲ ಆದ್ರೆ ಪರವಾಗಿಲ್ಲ ಅಂತ ಹೇಳಿ ಎರಡು ಸಲ ಪಾಯಸ ಹಾಕಿಸಿಕೊಳ್ಳುವ ಶುಗರಿನವರು ನಿಮ್ಮ ಬಳಗದಲ್ಲೂ ಇದ್ದಾರೆ ಅಲ್ವಾ? ಬೆಲ್ಲದಲ್ಲಿ ಕಬ್ಬಿಣ ಒಂಚೂರು ಇರಬಹುದು, ಉಳಿದಂತೆ ಅದರ ಬಹುಪಾಲು ಸಕ್ಕರೆಯೇ. ನಮ್ಮವರು ಕಾಫಿಗೂ ಬೆಲ್ಲ ಹಾಕೋಣ ಅಂತ ಹೊರಟಿದ್ದರು. ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುತ್ತದೆ, ಒಲೆ ಆರಿಸಿ ಆಮೇಲೆ ಹಾಕಿದರೆ ಉಳಿಯಬಹುದು, ಆದರೆ ಕಾಫಿಯ ಘಮ ಹೋಗಿ ಅದು ಬೇರೇನೋ ಕಷಾಯ ಆಗುತ್ತದೆ. ಮನೆಯವರೆಲ್ಲ ಒಂದೇ ದನಿಯಲ್ಲಿ ವಿರೋಧಿಸಿದ ಪ್ರಯೋಗ ಅಂದರೆ ಇದೊಂದೇ. ಫಿಲ್ಟರಿಗೆ ಯಾರೂ ಕೈ ಹಾಕುವ ಹಾಗಿಲ್ಲ ಅಂತ ಅತ್ತೆ ಆಜ್ಞೆ ಮಾಡಿದರು.

ಮಾವನವರು ಮಾತ್ರ, ಯಾರೂ ಹೇಳದೆ ಕೇಳದೆ, ಒಂದು ಬೆಳಿಗ್ಗೆಯಿಂದ ಕಾಫಿಗೆ ಸಕ್ಕರೆ ಬಿಟ್ಟುಬಿಟ್ಟರು. ಬಂದವರಿಗೆಲ್ಲ ಅದನ್ನು ಹೆಮ್ಮೆಯಿಂದ ಹೇಳುತ್ತಾರೆ, ನಂಬದವರಿಗೆ ಲೋಟವನ್ನೇ ಮುಂದೆ ಹಿಡಿಯುತ್ತಾರೆ. ಕಹಿ ಸ್ವಲ್ಪ ಜಾಸ್ತಿ ಅನ್ನಿಸಿದ ದಿನ, ಒಂದು ತುಂಡು ಮೈಸೂರು ಪಾಕ್ ನಂಚಿಕೊಳ್ಳುತ್ತಾರೆ.