ನೀರು ಎಲ್ಲರದು, ಡಾಕ್ ಮಾತ್ರ ಅವರದು

ಅಮೆರಿಕದ ಮಿನೆಸೋಟಾ ರಾಜ್ಯದ ಲೇಕ್‌ಗಳಲ್ಲಿ ಬೇಸಿಗೆ ಶುರುವಾದ ಕೂಡಲೇ ಜಗಳವೂ ಶುರುವಾಗುತ್ತದೆ. ಡಾಕ್, ಅಂದರೆ ದಡದಿಂದ ನೀರಿನೊಳಕ್ಕೆ ಚಾಚಿದ ಹಲಗೆ ಕಟ್ಟೆ, ಇರುವವರು ಗಾಳ ಹಾಕುವವರ ಮೇಲೆ ರೇಗುತ್ತಾರೆ, ಗಾಳದವರು ಮೋಟಾರ್ ಬೋಟಿನವರಿಗೆ ಬೈಯುತ್ತಾರೆ, ಬೋಟಿನವರು ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಹೋಗಿಬಿಡುತ್ತಾರೆ. ನಾನಿರುವುದು ಮಿನಿಯಾಪೊಲಿಸ್‌ನಿಂದ ಪಶ್ಚಿಮಕ್ಕೆ, ಮಿನೆಟೊಂಕಾ ಲೇಕ್ ಹತ್ತಿರ. ಹುಟ್ಟಿ ಬೆಳೆದದ್ದು ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ದಡದಲ್ಲಿ. ಹಾಗಾಗಿ ಈ ವಿಷಯ ನನಗೆ ಸುಮ್ನೆ ದೂರದಿಂದ ನೋಡುವಂಥದ್ದಲ್ಲ. ಅನಿಸಿದ್ದನ್ನು ನೇರವಾಗಿ ಹೇಳುತ್ತೇನೆ. ಇಲ್ಲಿ ಕಾನೂನು ಚೆನ್ನಾಗಿದೆ, ಜನರೂ ಬಹಳ ಮಟ್ಟಿಗೆ ಒಳ್ಳೆಯವರೇ. ಆದರೆ ತಾನು ಎಬ್ಬಿಸಿದ ಅಲೆ ಯಾರಿಗೆ ಹೋಗಿ ಬಡಿಯಿತು ಅಂತ ತಿರುಗಿ ನೋಡುವ ಅಭ್ಯಾಸ ಕಡಿಮೆಯಾಗುತ್ತಿದೆ. ನಮ್ಮ ಕಡೆಯ ದೋಣಿಯವರಲ್ಲಿ ಅದೊಂದು ಚೆನ್ನಾಗಿತ್ತು.

ಮಿನೆಟೊಂಕಾ ಚಿಕ್ಕ ಕೆರೆಯಲ್ಲ. 14 ಸಾವಿರ ಎಕರೆಗೂ ಜಾಸ್ತಿ ನೀರು, ಒಂದಕ್ಕೊಂದು ಅಂಟಿಕೊಂಡ ಹತ್ತಾರು ಕೊಲ್ಲಿಗಳು, ನೂರು ಮೈಲಿಗೂ ಮೀರಿದ ದಡ. ಸುತ್ತ 14 ಊರುಗಳಿವೆ. ಒಂದೊಂದು ಊರು ಒಂದೊಂದು ನಿಯಮ ಮಾಡಿದರೆ ಆಗಲ್ಲ ಅಂತ 1967ರಲ್ಲೇ ಇಡೀ ಲೇಕ್‌ಗೆ ಒಂದು ಸಂಸ್ಥೆ ಮಾಡಿಟ್ಟಿದ್ದಾರೆ. ಡಾಕ್ ಎಷ್ಟು ಉದ್ದ, ಬೋಟ್ ಎಷ್ಟು ವೇಗ, ಎಲ್ಲ ಅಲ್ಲೇ ತೀರ್ಮಾನ. ಅದರ ಜೊತೆಗೆ ಶೆರಿಫ್ ಇಲಾಖೆಯ ಪೊಲೀಸರು ನೀರಿನ ಮೇಲೇ ಗಸ್ತು ತಿರುಗುತ್ತಾರೆ. ನಮ್ಮೂರಿನವರಿಗೆ ಹೇಳಿದರೆ, ಕೆರೆಗೂ ಪೊಲೀಸರಾ ಅಂತ ಆಶ್ಚರ್ಯ ಪಡುತ್ತಾರೆ.

ಮೊದಲು ಡಾಕ್ ಜಗಳ ನೋಡೋಣ. ದಡದ ಮನೆಯವರು ತಮ್ಮ ಜಾಗದಿಂದ ನೀರಿನೊಳಕ್ಕೆ ಕಾಲುಸೇತುವೆ ತರಹ ಹಲಗೆ ಹಾಸಿಕೊಂಡು ಅದಕ್ಕೆ ಬೋಟ್ ಕಟ್ಟುತ್ತಾರೆ. ಚಳಿಗಾಲದಲ್ಲಿ ಲೇಕ್ ಗಟ್ಟಿಯಾಗಿ ಹೆಪ್ಪುಗಟ್ಟಿದರೆ ಐಸ್ ಅದನ್ನು ಮುರಿದು ಹಾಕುತ್ತದೆ, ಅದಕ್ಕೇ ಬಹಳ ಜನ ಅಕ್ಟೋಬರ್ ಹೊತ್ತಿಗೆ ಬಿಚ್ಚಿ ದಡಕ್ಕೆ ಎಳೆದು, ವಸಂತ ಬಂದ ಮೇಲೆ ಮತ್ತೆ ಜೋಡಿಸುತ್ತಾರೆ. ದುಡ್ಡು, ಮೈನೋವು ಎರಡೂ ಇದೆ. ಹಾಗಾಗಿ ಅದರ ಮೇಲೆ ಮಮತೆ ಸಹಜ. ಆದರೆ ಕಾನೂನು ಸ್ಪಷ್ಟ. ಡಾಕ್ ಅವರದು, ಅದರ ಸುತ್ತಮುತ್ತಲಿನ ನೀರು ಸಾರ್ವಜನಿಕರದು. ಬೋಟನ್ನು ನೀರಿಗಿಳಿಸುವ ಇಳಿಜಾರು, ಅಂದರೆ ಸರ್ಕಾರಿ ರ್‍ಯಾಂಪಿನಿಂದ ಬೋಟ್ ಇಳಿಸಿಕೊಂಡು ಬಂದವನು ಆ ಡಾಕ್ ಪಕ್ಕ ಗಾಳ ಹಾಕಬಹುದು. ಬ್ಯಾಸ್ ಮೀನಿಗೆ ನೆರಳು ಇಷ್ಟ, ಬಿಸಿಲೇರಿದ ಮೇಲೆ ಅದು ಡಾಕ್ ಕೆಳಗೇ ಇರುತ್ತದೆ. ಮೀನು ಇರುವ ಕಡೆ ಗಾಳದವನು ಹೋಗದೆ ಇನ್ನೇನು ಮಾಡುತ್ತಾನೆ? ಅವನನ್ನು ಓಡಿಸಬೇಕು ಅಂತ ಬೇಕಂತಲೇ ತೊಂದರೆ ಕೊಟ್ಟರೆ ಮಿನೆಸೋಟಾದಲ್ಲಿ ಅದೇ ಅಪರಾಧ.

ಹಕ್ಕು ಇದೆ ಅಂದಮಾತ್ರಕ್ಕೆ ಹೇಗೆ ಬೇಕಾದರೂ ನಡೆದುಕೊಳ್ಳಬಹುದು ಅಂತಲ್ಲ. ಡಾಕ್ ಮೇಲೆ ಮಕ್ಕಳು ಈಜಲು ಇಳಿಯುತ್ತಿದ್ದರೆ ಆ ಡಾಕ್ ಬಿಟ್ಟು ಮುಂದಿನದಕ್ಕೆ ಹೋಗಬೇಕು. ಅದಕ್ಕಿಂತ ಮುಖ್ಯವಾದದ್ದು ಕೊಕ್ಕೆ. ಹಲಗೆಯ ಕೆಳಗೆ ಎಸೆದ ಗಾಳ ಕೆಲವೊಮ್ಮೆ ಬೋಟ್ ಕಟ್ಟಿದ ಹಗ್ಗಕ್ಕೋ ಏಣಿಯ ಮೆಟ್ಟಿಲಿಗೋ ಸಿಕ್ಕಿಕೊಳ್ಳುತ್ತದೆ. ಎಳೆದು ನೋಡುತ್ತಾರೆ, ಬರಲಿಲ್ಲ ಅಂದರೆ ದಾರ ಕತ್ತರಿಸಿ ಹೊರಟುಬಿಡುತ್ತಾರೆ. ಮೂರು ಮೊನೆಯ ಕೊಕ್ಕೆ ಏಣಿಯ ಕೆಳಗಿನ ಮೆಟ್ಟಿಲಿನಲ್ಲಿ, ನೀರಿನೊಳಗೆ, ಕಣ್ಣಿಗೆ ಕಾಣದೆ ಉಳಿಯುತ್ತದೆ. ಮಾರನೆಯ ದಿನ ಬರಿಗಾಲಲ್ಲಿ ಹತ್ತುವ ಮಗುವಿನ ಪಾದಕ್ಕೆ ಅದು ನಾಟಿದರೆ ಹಿಂದಕ್ಕೆ ಎಳೆದು ತೆಗೆಯಲು ಆಗುವುದಿಲ್ಲ, ಮೊನೆಯ ಹಿಂದೆ ಮುಳ್ಳು ಇರುತ್ತದೆ. ಬೋಟ್ ಹತ್ತಿರ ತಂದು ಕೈಯಿಂದ ಬಿಡಿಸಿಕೊಳ್ಳಲು ಎರಡು ನಿಮಿಷ ಸಾಕು. ಮನೆಯವರು ಕಂಡರೆ "ಸಾರಿ, ಕೊಕ್ಕೆ ಸಿಕ್ಕಿಕೊಂಡಿದೆ, ತೆಗೆದುಕೊಂಡು ಹೋಗುತ್ತೇನೆ" ಅಂದರೆ ಯಾರೂ ಬೇಡ ಅನ್ನುವುದಿಲ್ಲ.

ಈಗ ನಮ್ಮವರಿಗೇ ಒಂದು ಮಾತು. ಇಲ್ಲಿ ದಡದಲ್ಲಿ ಮನೆ ಕೊಂಡ ಕನ್ನಡಿಗರೂ ಇದ್ದಾರೆ. ಕಷ್ಟಪಟ್ಟು ದುಡಿದು ಕೊಂಡ ಮನೆ, ಅದರ ತೆರಿಗೆಯೂ ಕಡಿಮೆಯೇನಲ್ಲ. ಅಷ್ಟು ಕೊಟ್ಟ ಮೇಲೆ ಎದುರಿಗಿನ ನೀರೂ ನಮ್ಮದೇ ಅನ್ನೋ ಭಾವನೆ ಬರುತ್ತದೆ. ಹಿತ್ತಲಿನಿಂದ "ಇದು ಪ್ರೈವೇಟ್, ಹೋಗಿ" ಅಂತ ಕೂಗುವುದು, ಗಾಳದವನು ಬಂದ ಕೂಡಲೇ ಹುಲ್ಲಿಗೆ ನೀರು ಹಾಯಿಸುವ ಸ್ಪ್ರಿಂಕ್ಲರ್ ಅವನ ಕಡೆ ತಿರುಗಿಸುವುದು, ಇವು ಬೇಡ. ಊರಲ್ಲಿ ಕೆರೆಯ ದಡದ ಗದ್ದೆಯವನು ಕೆರೆ ನನ್ನದು ಅಂದರೆ ನಾವು ಒಪ್ಪುತ್ತಿದ್ದೆವಾ? ಅಲ್ಲಿ ಪಂಚಾಯಿತಿಯವರೋ ಮೀನುಗಾರಿಕೆ ಇಲಾಖೆಯವರೋ ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕುತ್ತಾರೆ, ಗುತ್ತಿಗೆ ಹಿಡಿದವನಿಗೆ ಮಾತ್ರ ಬಲೆ ಹಾಕುವ ಅಧಿಕಾರ. ಇಲ್ಲಿ ಲೈಸೆನ್ಸ್ ತೆಗೆದುಕೊಂಡ ಯಾರು ಬೇಕಾದರೂ ಗಾಳ ಹಾಕಬಹುದು. ಈ ವಿಷಯದಲ್ಲಿ ಇಲ್ಲಿನ ಪದ್ಧತಿಯೇ ನನಗೆ ಇಷ್ಟ. ಹಳೇ ಬೋಟೊಂದನ್ನು ಪಿಕಪ್ ಟ್ರಕ್ಕಿಗೆ ಕಟ್ಟಿಕೊಂಡು ಬಂದ ಕೂಲಿ ಕೆಲಸದವನು ಕೋಟ್ಯಧಿಪತಿಯ ಮನೆ ಮುಂದೆ ನಿಂತು ಮೀನು ಹಿಡಿಯಬಹುದು ಅನ್ನೋದು ಸಣ್ಣ ಮಾತಲ್ಲ.

ರ್‍ಯಾಂಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಗ್ಗ, ಲೈಫ್ ಜಾಕೆಟ್, ತಿಂಡಿ ಡಬ್ಬ ಎಲ್ಲವನ್ನೂ ಪಾರ್ಕಿಂಗ್‌ನಲ್ಲೇ ಜೋಡಿಸಿಕೊಂಡು, ಬೋಟಿನ ತಳದಲ್ಲಿ ನೀರು ಬಸಿಯುವ ತೂತಿಗೆ ಪ್ಲಗ್ ಹಾಕಿ, ಆಮೇಲೆ ಇಳಿಜಾರಿಗೆ ಬನ್ನಿ. ನಿಮ್ಮ ಹಿಂದೆ ಸಾಲು ನಿಂತಿರುತ್ತದೆ. ನಸುಕಿನಲ್ಲಿ ಬಂದರೆ ಹೆಡ್‌ಲೈಟ್ ಆರಿಸಿ, ಪಕ್ಕದಲ್ಲಿ ರಿವರ್ಸ್ ಬರುವವನ ಕಣ್ಣಿಗೆ ಹೊಡೆಯುತ್ತದೆ. ವಾಪಸ್ ಹೋಗುವಾಗ ಪ್ಲಗ್ ತೆಗೆದು ನೀರು ಬಸಿದು, ಅಂಟಿದ ಕಳೆ ಕಿತ್ತು ಹೋಗಬೇಕು, ಇದು ಕಾನೂನು. 2010ರಲ್ಲಿ ಇಲ್ಲಿ ಜೀಬ್ರಾ ಮಸೆಲ್ ಅನ್ನೋ ಉಗುರಿನಷ್ಟಗಲದ ಚಿಪ್ಪಿನ ಪ್ರಾಣಿ ಕಾಣಿಸಿಕೊಂಡಿತು, ಅದನ್ನು ಪೂರ್ತಿ ತೆಗೆಯಲು ಈಗ ಯಾರಿಂದಲೂ ಆಗುತ್ತಿಲ್ಲ. ಬೋಟಿನಲ್ಲಿ ಉಳಿದ ಒಂದಿಷ್ಟು ನೀರಿನ ಜೊತೆಗೇ ಅದು ಮುಂದಿನ ಲೇಕ್‌ಗೆ ಹೋಗಬಲ್ಲದು.

ಇನ್ನು ಶನಿವಾರ ಪಾಂಟೂನ್ ಬೋಟ್, ಅಂದರೆ ಜಗಲಿಯಂಥ ಚಪ್ಪಟೆ ಬೋಟ್, ಬಾಡಿಗೆಗೆ ತೆಗೆದುಕೊಂಡು ಬರುವ ನಮ್ಮ ಗೆಳೆಯರ ಗುಂಪುಗಳು. ಬನ್ನಿ, ಖುಷಿಯಾಗಿರಿ. ಆದರೆ ನೀರಿನ ಮೇಲೆ ಸದ್ದು ತುಂಬಾ ದೂರ ಹೋಗುತ್ತದೆ. ನಿಮ್ಮ ಸ್ಪೀಕರ್‌ನ ಹಾಡು ಎದುರು ದಡದ ಅಜ್ಜಿಯ ಅಡುಗೆಮನೆಯಲ್ಲಿ ಕೇಳುತ್ತದೆ. ಲಂಗರು ಹಾಕಿ ಮೀನು ಹಿಡಿಯುತ್ತಿರುವವನ ಹತ್ತಿರ ಹೋಗಿ "ಏನಾದ್ರೂ ಸಿಕ್ತಾ?" ಅಂತ ಕೇಳೋದು ನಮ್ಮಲ್ಲಿ ಸ್ನೇಹ. ಇಲ್ಲಿಯೂ ಅದು ಸ್ನೇಹವೇ, ಆದರೆ ಮೋಟಾರ್ ಹಾಕಿಕೊಂಡು ಅವನ ಗಾಳದ ದಾರದ ಮೇಲೇ ಹೋಗಿ ಕೇಳಬಾರದು. ದೂರದಿಂದ ಕೈ ಎತ್ತಿದರೆ ಅವನೂ ಎತ್ತುತ್ತಾನೆ. 10 ವರ್ಷದೊಳಗಿನ ಮಕ್ಕಳಿಗೆ ಬೋಟ್ ಚಲಿಸುವಾಗ ಲೈಫ್ ಜಾಕೆಟ್ ಇರಲೇಬೇಕು. ಇದರಲ್ಲಿ ನಮ್ಮೂರು ಬಹಳ ಹಿಂದೆ. ಹಿನ್ನೀರಿನಲ್ಲಿ ನಾವೆಲ್ಲ ಹಾಗೇ ಕೂತು ಓಡಾಡಿದವರು, ಅದನ್ನು ಧೈರ್ಯ ಅಂತ ನಾನು ಹೊಗಳುವುದಿಲ್ಲ.

ಆದರೂ ಆ ಹಿನ್ನೀರಿನಿಂದ ಕಲಿಯುವಂಥದ್ದು ಒಂದಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಹೊಲ ಮನೆ ಊರು ಎಲ್ಲ ನೀರಿನಡಿ ಹೋದ ಮೇಲೆ ಹುಟ್ಟಿದ ಜಲರಾಶಿ ಅದು. ಹಿನ್ನೀರಿನ ಆಚೆ ದಡದ ತುಮರಿ ಕಡೆಯವರಿಗೆ ನೀರು ದಾಟುವುದು ವಿಹಾರ ಆಗಿರಲಿಲ್ಲ. ಆಸ್ಪತ್ರೆಗೆ, ಕಾಲೇಜಿಗೆ, ಸಂತೆಗೆ ಲಾಂಚ್ ಹತ್ತಲೇಬೇಕಿತ್ತು. 2025ರ ಜುಲೈನಲ್ಲಿ ಸೇತುವೆ ಆಗುವ ತನಕ ಬಸ್ಸೂ ಲಾಂಚಿನ ಮೇಲೇ ಬರುತ್ತಿತ್ತು. ಅಲ್ಲಿ ನೀರಿನ ಮೇಲೆ ಖಾಲಿ ಪ್ಲಾಸ್ಟಿಕ್ ಬಾಟಲಿ ಸಾಲಾಗಿ ತೇಲುತ್ತಿದ್ದರೆ ಕೆಳಗೆ ಬಲೆ ಇದೆ ಅಂತ ಅರ್ಥ. ದೋಣಿಯವನು ಎಷ್ಟೇ ಅವಸರ ಇದ್ದರೂ ಸುತ್ತು ಹಾಕಿ ಹೋಗುತ್ತಿದ್ದ. ಬೋರ್ಡ್ ಇಲ್ಲ, ದಂಡ ಇಲ್ಲ, ನೋಡಲು ಯಾರೂ ಇಲ್ಲ. ಬಲೆ ಹರಿದರೆ ಆ ಮನೆಯಲ್ಲಿ ಅವತ್ತಿನ ಸಂಪಾದನೆ ಹೋಯಿತು ಅಂತ ಅವನಿಗೆ ಗೊತ್ತಿತ್ತು, ಆ ಮನೆಯವರೂ ಗೊತ್ತಿದ್ದರು. ದಡದಲ್ಲಿ ಬಟ್ಟೆ ಒಗೆಯುವವರು ಕಂಡರೆ ದೂರದಲ್ಲೇ ಎಂಜಿನ್ ಸಣ್ಣಗೆ ಮಾಡುತ್ತಿದ್ದ.

ಮಿನೆಟೊಂಕಾದಲ್ಲಿ ಅಲೆ ಎಬ್ಬಿಸುವವನಿಗೂ ಪೆಟ್ಟು ತಿನ್ನುವವನಿಗೂ ಪರಿಚಯವೇ ಇಲ್ಲ. ಕಷ್ಟ ಇರುವುದು ಅಲ್ಲೇ. ಈಗ ವೇಕ್ ಸರ್ಫಿಂಗ್ ಬೋಟುಗಳು ಬಂದಿವೆ. ಹೊಟ್ಟೆಯೊಳಗಿನ ಟ್ಯಾಂಕುಗಳಿಗೆ ನೀರು ತುಂಬಿಕೊಂಡು ಹಿಂಭಾಗ ತಗ್ಗಿಸಿ, ಬೇಕಂತಲೇ ದೊಡ್ಡ ಅಲೆ ಮಾಡುತ್ತವೆ, ಹಿಂದೆ ಒಬ್ಬರು ಹಲಗೆ ಮೇಲೆ ನಿಂತು ಆ ಅಲೆ ಸವಾರಿ ಮಾಡುತ್ತಾರೆ. ಆಟ ಚೆನ್ನಾಗಿದೆ, ನೋಡಲೂ ಚೆಂದ. ಆದರೆ ಆ ಅಲೆ ದಡ ಮುಟ್ಟುವ ಹೊತ್ತಿಗೆ ಬೋಟ್ ಮುಂದಿನ ತಿರುವು ದಾಟಿರುತ್ತದೆ. ಇತ್ತ ಡಾಕಿಗೆ ಕಟ್ಟಿದ ಪಾಂಟೂನ್ ಮೇಲಕ್ಕೆದ್ದು ಹಲಗೆಗೆ ಬಡಿಯುತ್ತದೆ, ಹಗ್ಗ ಜಗ್ಗಿ ಕಿರುಗುಟ್ಟುತ್ತದೆ, ಚಿಕ್ಕ ದೋಣಿಯಲ್ಲಿ ನಿಂತು ಗಾಳ ಎಸೆಯುತ್ತಿದ್ದವನು ಅಂಚು ಹಿಡಿದು ಕೂತುಬಿಡುತ್ತಾನೆ. ದಡದ ಮಣ್ಣು ಕಲಸಿ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಮಾಡಿದವನಿಗೆ ಇದೊಂದೂ ಕಾಣಿಸಲಿಲ್ಲ. ಅವನು ಕೆಟ್ಟವನಲ್ಲ, ಅವನಿಗೆ ಗೊತ್ತೇ ಆಗಲಿಲ್ಲ.

ಇನ್ನೊಬ್ಬರಿಗೆ ಅಪಾಯವೋ ತೊಂದರೆಯೋ ಆಗುವ ಹಾಗೆ ಅಲೆ ಎಬ್ಬಿಸಬಾರದು ಅಂತ ರಾಜ್ಯದ ಕಾನೂನಿನಲ್ಲೇ ಇದೆ. ಜೆಟ್ ಸ್ಕೀ, ಅಂದರೆ ನೀರಿನ ಮೇಲೆ ಓಡುವ ಸ್ಕೂಟರ್, ತರಹದವು ದಡ, ಡಾಕ್, ಈಜುವವರು, ಲಂಗರು ಹಾಕಿದ ಬೋಟ್ ಇವುಗಳಿಂದ 150 ಅಡಿ ಒಳಗೆ ಬಂದರೆ ಅಲೆ ಏಳದಷ್ಟು ನಿಧಾನವಾಗಿ ಹೋಗಬೇಕು. ವೇಕ್ ಸರ್ಫಿಂಗ್‌ಗೆ ಮಿನೆಟೊಂಕಾದಲ್ಲಿ ಇಟ್ಟಿರುವ ಅಂತರ 300 ಅಡಿ. ಆದರೆ ಮಿನೆಸೋಟಾ ವಿಶ್ವವಿದ್ಯಾಲಯದ ಸೇಂಟ್ ಆಂಥನಿ ಫಾಲ್ಸ್ ಪ್ರಯೋಗಾಲಯದವರು ಅಳೆದು ನೋಡಿ 2022ರಲ್ಲಿ ಹೇಳಿದ್ದು ಬೇರೆ. ಈ ಬೋಟುಗಳ ಅಲೆ ಮಾಮೂಲಿ ಬೋಟಿನ ಅಲೆಯಷ್ಟಕ್ಕೆ ಇಳಿಯಬೇಕಾದರೆ 500 ಅಡಿಗೂ ಜಾಸ್ತಿ ದೂರ ಬೇಕು. 2025ರ ಜುಲೈ 1ರಿಂದ ವಯಸ್ಕರಿಗೂ ಹಂತ ಹಂತವಾಗಿ ಬೋಟ್ ಓಡಿಸುವ ಪರ್ಮಿಟ್ ಕಡ್ಡಾಯ ಮಾಡುತ್ತಿದ್ದಾರೆ, ಅದಕ್ಕೆ ಪಾಠ ಓದಿ ಪರೀಕ್ಷೆ ಪಾಸಾಗಬೇಕು. ಒಳ್ಳೆಯ ಕೆಲಸ. ಗುರುತು ಪರಿಚಯ ಇಲ್ಲದ ಕಡೆ ಇನ್ನೊಬ್ಬರ ಕಷ್ಟ ಹೀಗೆ ಓದಿಯಾದರೂ ತಿಳಿಯಬೇಕು ಅಲ್ವಾ.

ವೇಕ್ ಸರ್ಫಿಂಗ್‌ನ ಅಂತರವನ್ನು 500 ಅಡಿಗೆ ಏರಿಸಬೇಕು ಅನ್ನೋದು ನನ್ನ ಪಟ್ಟು. ಹಾಗೆ ಮಾಡಿದರೆ ಕಿರಿದಾದ ಕೊಲ್ಲಿಗಳಲ್ಲಿ ನಮಗೆ ಜಾಗವೇ ಉಳಿಯುವುದಿಲ್ಲ ಅಂತ ಆ ಬೋಟ್ ಇರುವವರು ಹೇಳುತ್ತಾರೆ. ಅವರು ಹೇಳುವುದು ನಿಜ. ಸಾವಿರ ಅಡಿ ಅಗಲ ಇಲ್ಲದ ಕೊಲ್ಲಿಯ ಮಧ್ಯದಲ್ಲಿ ನಿಂತರೂ ಒಂದಲ್ಲ ಒಂದು ದಡ ಹತ್ತಿರವಾಗುತ್ತದೆ. ಅಂಥ ಕಡೆ ಈ ಆಟ ಬೇಡ, ದೊಡ್ಡ ನೀರಿಗೆ ಹೋಗಲಿ. ಮಿನೆಟೊಂಕಾದಲ್ಲಿ ಅದಕ್ಕೇನೂ ಕೊರತೆಯಿಲ್ಲ, ಹತ್ತು ಹದಿನೈದು ನಿಮಿಷ ಜಾಸ್ತಿ ಓಡಿಸಬೇಕಾಗಬಹುದು ಅಷ್ಟೇ.